ಮುಚ್ಚಿದ ಬಾಯಿ ಸಹನೆಯೋ?

“ಎಂಥಾ ನೋವು ಬಂದರೂ ನುಂಗಿಕೊಂಡು ಬಾಳಿದಳು, ಒಂದು ದಿನವಾದರೂ ಬಾಯಿ ಬಿಡಲಿಲ್ಲ” ಎಂದು ತೀರಿಹೋದ ತಾಯಿಯ ವಿಷಯದಲ್ಲಿ ಹೇಳುವದು ನಮ್ಮ ಹಳ್ಳಿಗಳಲ್ಲಿ ದೊಡ್ಡ ಹೊಗಳಿಕೆ. ಮಣ್ಣು ಕೊಟ್ಟು ಬಂದವರು ಕಟ್ಟೆಯ ಮೇಲೆ ಕುಳಿತು ಈ ಮಾತನ್ನಾಡುವರು, ಕೇಳಿದವರು ತಲೆದೂಗುವರು. ನಾವೂ ತಲೆದೂಗಿದವರೇ. ಆದರೆ ಈ ಹೊಗಳಿಕೆಯು ಎಲ್ಲಾ ಸಮಯಕ್ಕೂ ತಕ್ಕದ್ದೋ, ಬಾಯಿ ಬಿಡದಿರುವದು ಯಾವಾಗಲೂ ಸದ್ಗುಣವೋ ಎಂಬದನ್ನು ಈ ಸಾರಿ ವಾಚಕರ ಸಂಗಡ ಕೂಡಿ ವಿಚಾರಿಸಬೇಕೆಂದಿದ್ದೇವೆ. ಈ ವಿಚಾರಕ್ಕೆ ನಮ್ಮನ್ನು ಎಳೆದದ್ದು ದೊಡ್ಡ ತತ್ವಗ್ರಂಥವೇನೂ ಅಲ್ಲ. ಕೆನ್ನೆಯಲ್ಲಿ, ಗದ್ದದಲ್ಲಿ, ಕಿವಿಯ ಮುಂದೆ ಬರುವ ಒಂದು ಬಗೆಯ ನೋವು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹಳೇ ತಾಲೂಕುಗಳು ಈಗ ಕನಕಗಿರಿ, ಕಾರಟಗಿ, ಕುಕನೂರು ಬೇರೆಯಾದ ಮೇಲೆ ಏಳಾಗಿವೆ. ಇವುಗಳಲ್ಲಿ ಯಾವ ಊರಿಗೆ ಹೋದರೂ ಎಲೆಯಡಿಕೆಯ ಸಂಚಿಯನ್ನು ಕಾಣದೆ ಬರಲಾಗದು. ಗಂಗಾವತಿಯ ಕಡೆ ಕಾಲುವೆಯ ನೀರಿನಲ್ಲಿ ಬಾಗಿ ಭತ್ತದ ಸಸಿ ನೆಡುವ ಹೆಂಗಸೂ, ಕುಷ್ಟಗಿಯ ಒಣಹೊಲದಲ್ಲಿ ಜೋಳದ ಕಳೆ ತೆಗೆಯುವವಳೂ ಒಂದು ಚೂರು ತಂಬಾಕನ್ನು ಸುಣ್ಣದ ಸಂಗಡ ತಿಕ್ಕಿ ಕೆಳದವಡೆಗೂ ಕೆನ್ನೆಗೂ ನಡುವಿನ ಸಂದಿನಲ್ಲಿ ಇಟ್ಟುಕೊಳ್ಳುವರು. ಹಸಿವು ತಿಳಿಯುವದಿಲ್ಲ, ಬೆನ್ನು ನೋವು ತಿಳಿಯುವದಿಲ್ಲ ಎನ್ನುವರು. ಅವರನ್ನು ನಾವು ಸುಲಭವಾಗಿ ನಿಂದಿಸಲಾರೆವು. ಕರ್ನಾಟಕದಲ್ಲಿ ಗುಟಕಾ ಮಾರುವದು ೨೦೧೩ರಲ್ಲಿ ನಿಷೇಧವಾಯಿತು. ಕೂಡಲೇ ಪಾನ್ ಮಸಾಲೆ ಒಂದು ಚೀಟಿಯಲ್ಲಿಯೂ ತಂಬಾಕು ಇನ್ನೊಂದು ಚೀಟಿಯಲ್ಲಿಯೂ ಬಂದು, ಕೊಂಡವನ ಅಂಗೈಯಲ್ಲಿ ಎರಡೂ ಕೂಡಿದವು. ೨೦೧೬-೧೭ರ ಸರ್ವೇಕ್ಷಣೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ೧೬ ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುವವರಾಗಿದ್ದರು. ತಂಬಾಕಿಲ್ಲದ ಅಡಿಕೆ ನಿರಪಾಯವೆಂದು ನಂಬಿದವರೂ ಬಹಳ. ಆದರೆ ಅಡಿಕೆಯು ತಾನೇ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವದೆಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ೨೦೦೪ರಲ್ಲಿಯೇ ಪ್ರಕಟಿಸಿತು.

ಬಾಯಿಯ ಹುಣ್ಣಿನ ವಿಷಯದಲ್ಲಿ ಜನರು ಈಗ ಅಷ್ಟಿಷ್ಟು ತಿಳಿದಿದ್ದಾರೆ. ನಾವು ಹೇಳಹೊರಟದ್ದು ಅದಕ್ಕಿಂತ ಗುಪ್ತವಾದದ್ದು. ಮುಖಕ್ಕೆ ಸ್ಪರ್ಶಜ್ಞಾನವನ್ನು ಕೊಡುವದು ಮಿದುಳಿನಿಂದ ಹೊರಡುವ ಐದನೆಯ ನರ. ಅದು ಮೂರು ಕವಲಾಗಿ ಒಂದು ಹಣೆಗೂ ಕಣ್ಣಿಗೂ, ಒಂದು ಮೇಲ್ದವಡೆಗೂ ಕೆನ್ನೆಗೂ, ಒಂದು ಕೆಳದವಡೆಗೂ ಹೋಗುವದು. ಮೂರನೆಯ ಕವಲಿನ ಒಂದು ಎಳೆಯು ದವಡೆಯ ಎಲುಬಿನೊಳಗಿನ ಕೊಳವೆಯಲ್ಲಿ ಹಾದು, ಹಲ್ಲುಗಳಿಗೆ ಅರಿವು ಕೊಟ್ಟು, ಗದ್ದದ ಬಳಿ ಸಣ್ಣ ತೂತಿನಿಂದ ಹೊರಬಂದು ಕೆಳತುಟಿಯಲ್ಲಿ ಹರಡುವದು. ಇನ್ನೊಂದು ಎಳೆಯು ನಾಲಿಗೆಗೂ ಮತ್ತೊಂದು ಕಿವಿಯ ಮುಂದಕ್ಕೂ ಹೋಗುವದು. ತಂಬಾಕನ್ನು ಇಟ್ಟುಕೊಳ್ಳುವ ಆ ಸಂದು ಈ ಎಲುಬಿಗೆ ಅಂಟಿಕೊಂಡೇ ಇದೆಯೆಂಬದನ್ನು ವಾಚಕರು ಗಮನಿಸಬೇಕು.

ಕ್ಯಾನ್ಸರು ಕುತ್ತಿಗೆಯ ಗಂಟುಗಳಿಗೆ ಹಬ್ಬುವದೆಂಬದು ಅನೇಕರಿಗೆ ಗೊತ್ತು. ಆದರೆ ಅದಕ್ಕೆ ಇನ್ನೊಂದು ದಾರಿಯುಂಟು: ನರದ ಹೊದಿಕೆಯ ಗುಂಟ ಹರಿಯುವದು. ಎಡದಂಡೆಯ ಕಾಲುವೆಯ ಪ್ರದೇಶದವರಿಗೆ ಇದನ್ನು ವಿವರಿಸುವದು ಕಷ್ಟವಲ್ಲ. ಕಾಲುವೆಯ ಏರಿಯಲ್ಲಿ ಬೊಕ್ಕೆ ಬಿದ್ದದ್ದು ಒಂದು ಕಡೆ, ತೇವ ಏಳುವದು ದೂರದ ಬೇರೊಬ್ಬನ ಹೊಲದಲ್ಲಿ. ಹಾಗೆಯೇ ರೋಗ ನಾಲಿಗೆಯ ಅಂಚಿನಲ್ಲಿ, ನೋವು ಕಿವಿಯಲ್ಲಿ. ರೋಗ ವಸಡಿನಲ್ಲಿ, ಜೋಮು ತುಟಿಯಲ್ಲಿ. ಕೆಲವು ಸಾರಿ ಮೂಲದ ಹುಣ್ಣು ಬಹಳ ಚಿಕ್ಕದು. ಅಂಗುಳಿನ ಸಣ್ಣ ಜೊಲ್ಲುಗ್ರಂಥಿಯಲ್ಲಿ ಹುಟ್ಟಿದ ಗಡ್ಡೆಯಾದರೆ ಮೇಲಿನ ಚರ್ಮ ಹರಿಯದೆಯೇ ಇರಬಹುದು. ಇನ್ನು ಕೆಲವರಿಗೆ ಹುಣ್ಣನ್ನು ಕೊಯ್ದು ತೆಗೆದು, ವಾಸಿಯಾಯಿತೆಂದು ಮನೆಗೆ ಕಳುಹಿಸಿ, ವರುಷಗಳು ಕಳೆದ ಮೇಲೆ ಕೆನ್ನೆಯಲ್ಲಿ ಇರುವೆ ಹರಿದಂತಾಗುವದು. ಹೊರಗೆ ಗಾಯವಿಲ್ಲ, ಬಾವು ಇಲ್ಲ. ಕಂಡವರಿಗೆ ಮುಖವು ನಿನ್ನಿನ ಮುಖವೇ.

ಇಲ್ಲಿ ಯಾರೂ ಗಾಬರಿಯಾಗಕೂಡದು. ಮುಖದ ನೋವುಗಳಲ್ಲಿ ಬಹುಪಾಲು ಕ್ಯಾನ್ಸರಿನವಲ್ಲ. ಹುಳುಕು ಹಲ್ಲು, ಮೂಗಿನ ಪಕ್ಕದ ಕುಹರಗಳಲ್ಲಿ ಕಟ್ಟಿದ ಕೀವು, ಸರ್ಪಸುತ್ತು, ದವಡೆಯ ಕೀಲಿನ ಉಳುಕು, ಅರೆತಲೆನೋವು, ಇವೇ ಹೆಚ್ಚು. ಐದನೆಯ ನರದ ಶೂಲೆಯೆಂಬ ಬೇರೊಂದು ರೋಗವೂ ಉಂಟು. ಮುಖ ತೊಳೆದರೆ, ಗಾಳಿ ಬೀಸಿದರೆ, ರೊಟ್ಟಿ ಅಗಿದರೆ ಮಿಂಚು ಹೊಡೆದಂತೆ ಹೊಡೆದು ಕ್ಷಣದಲ್ಲಿ ನಿಲ್ಲುವದು. ನಡುವಿನ ಹೊತ್ತಿನಲ್ಲಿ ಮನುಷ್ಯನು ಸ್ವಸ್ಥನಾಗಿರುವನು, ಮುಖದಲ್ಲಿ ಜೋಮು ಇರುವದಿಲ್ಲ. ಇದು ಬಹಳ ಕ್ರೂರವಾದ ನೋವಾದರೂ ಸಾಮಾನ್ಯವಾಗಿ ರಕ್ತನಾಳವೊಂದು ನರವನ್ನು ಒತ್ತುವದರಿಂದ ಬರುತ್ತದೆ. ಸಂಶಯಪಡತಕ್ಕದ್ದು ಬೇರೆ ಜಾತಿಯ ನೋವು: ಒಂದೇ ಕಡೆಯಲ್ಲಿದ್ದು, ಹೊತ್ತು ಹೋದಂತೆ ಬಿಡದೆ ಉರಿಯುವದು, ವಾರದಿಂದ ವಾರಕ್ಕೆ ಹೆಚ್ಚುವದು, ಇರುವೆ ಹರಿದಂತೆ ಜುಮುಗುಟ್ಟುವದು, ಆ ಮೇಲೆ ಜೋಮು ಹಿಡಿದು ಸ್ಪರ್ಶವೇ ತಿಳಿಯದೆ ಹೋಗುವದು, ಅಗಿಯುವ ಬಲ ಕುಂದುವದು. ಮುಖವನ್ನು ಆಡಿಸುವ ಏಳನೆಯ ನರಕ್ಕೂ ರೋಗ ತಗಲಿದರೆ ಬಾಯಿ ಒಂದು ಕಡೆಗೆ ವಾರೆಯಾಗುವದು.

ಇಂಗ್ಲೆಂಡಿನಲ್ಲಿ ಜಾನ್ ಫಾದರ್‌ಗಿಲ್ ಎಂಬ ಕ್ವೇಕರ್ ಪಂಗಡದ ವೈದ್ಯನು ೧೭೭೩ರಲ್ಲಿ ಮುಖದ ಈ ಶೂಲೆಯನ್ನು ತನ್ನ ರೋಗಿಗಳ ಬಾಯಿಂದ ಕೇಳಿ ಕೇಳಿ ವಿವರವಾಗಿ ವರ್ಣಿಸಿದನು. ಇದರ ಬೇರಿನಲ್ಲಿ ಕ್ಯಾನ್ಸರಿನ ವಿಷವಿರಬಹುದೆಂದು ಅವನ ಊಹೆ. ಆ ಊಹೆಯು ಬಹುಪಾಲು ತಪ್ಪಾಗಿತ್ತೆಂದು ಈಗ ಗೊತ್ತಾಗಿದೆ. ಆದರೆ ಪೂರ್ತಿಯಾಗಿ ತಪ್ಪಾಗಿರಲಿಲ್ಲವೆಂಬದೂ ಗೊತ್ತಾಗಿದೆ. ಚಾರ್ಲ್ಸ್ ಬೆಲ್ ಎಂಬವನು ೧೮೩೦ರಲ್ಲಿ ಸ್ತನದ ಕ್ಯಾನ್ಸರಿದ್ದ ಒಬ್ಬ ಸ್ತ್ರೀಯ ತುಟಿಯು ಸ್ಪರ್ಶವನ್ನು ಕಳಕೊಂಡದ್ದನ್ನು ಬರೆದಿಟ್ಟನು. ಆಕೆಯ ರೋಗವು ದವಡೆಯ ನರವನ್ನು ಮುಟ್ಟಿತ್ತು. ಅವರ ಕಾಲದಲ್ಲಿ ಎಂ.ಆರ್.ಐ. ಯಂತ್ರವಿರಲಿಲ್ಲ. ರೋಗಿಯು ಹೇಳಿದ್ದನ್ನು ಸುಳ್ಳೆಂದು ತಳ್ಳದೆ ಕುಳಿತು ಕೇಳುವದೊಂದೇ ಅವರಿಗಿದ್ದ ಸಾಧನ.

ಈಗ ನಮ್ಮ ಕಡೆಯ ಒಂದು ಮನೆಯನ್ನು ಮನಸ್ಸಿನ ಮುಂದೆ ಇಟ್ಟುಕೊಳ್ಳೋಣ. ಯಾರ ಮನೆಯ ಗುಟ್ಟನ್ನೂ ಹೊರಗೆ ಹಾಕುವದಿಲ್ಲ. ಇದು ವಿಚಾರಕ್ಕಾಗಿ ಕಲ್ಪಿಸಿಕೊಂಡದ್ದು. ಕುಷ್ಟಗಿಯ ಸೀಮೆಯಲ್ಲಿ ಐವತ್ತೈದು ವರುಷದ ಒಬ್ಬ ತಾಯಿ. ಊಟದ ಹೊತ್ತಿನಲ್ಲಿ ಸೊಸೆ ನೋಡುತ್ತಾಳೆ.

“ಅತ್ತೀ, ಯಾಕ ಒಂದ ಕಡೀಲೆ ಅಗೀತೀರಿ?”

“ಏನಿಲ್ಲವ್ವಾ, ಹಲ್ಲಿನ ಬ್ಯಾನಿ. ಹೋಗ್ತೈತಿ ಬಿಡು.”

ಹಲ್ಲಿಗೆ ಲವಂಗ ಇಟ್ಟದ್ದಾಯಿತು. ಅಂಗಡಿಯ ಗುಳಿಗೆ ನುಂಗಿದ್ದಾಯಿತು. ಅಲುಗಾಡುತ್ತಿದ್ದ ಹಲ್ಲನ್ನು ಸಂತೆಯ ದಿನ ಕೀಳಿಸಿದ್ದಾಯಿತು. ಎಲುಬೇ ಸವೆದದ್ದರಿಂದ ಹಲ್ಲು ಅಲುಗಾಡಿತೆಂದು ಯಾರೂ ಎಣಿಸಲಿಲ್ಲ. ಕಿತ್ತ ಕುಳಿ ಮಾಯಲಿಲ್ಲ. ಕೆಲವು ವಾರಗಳ ಮೇಲೆ ಉರಿ ತಗ್ಗಿತು. ಕೆಳತುಟಿ ದಪ್ಪಗಾದಂತೆ, ತನ್ನದಲ್ಲದಂತೆ ತೋರಿತು. ತಾಯಿಗೆ ನಿದ್ರೆ ಬಂತು. “ಬ್ಯಾನಿ ಕಡಿಮಿ ಆತು” ಎಂದು ಮನೆಯವರೆಲ್ಲ ಸಂತೋಷಪಟ್ಟರು. ಅಕಟಾ, ಅದು ವಾಸಿಯಲ್ಲ. ಕೂಗಿ ಕೂಗಿ ಎಬ್ಬಿಸುತ್ತಿದ್ದ ಕಾವಲುಗಾರನು ಕೊಲ್ಲಲ್ಪಟ್ಟದ್ದರಿಂದ ಉಂಟಾದ ನಿಶ್ಶಬ್ದ. ಚಹಾ ಕುಡಿಯುವಾಗ ತುಟಿಯ ಅಂಚಿನಿಂದ ಸೋರಿ ಸೀರೆಯ ಮೇಲೆ ಬೀಳುವದು ಆಕೆಗೆ ತಿಳಿಯದು. ಮೊಮ್ಮಗುವು ನೋಡಿ ನಗುವದು.

ಈ ಮನೆಯಲ್ಲಿ ತಪ್ಪು ಯಾರದು? ತಾಯಿಯು ತನ್ನ ಮೇಲಿನ ಪ್ರೀತಿಯಿಂದ ಅಡಗಿಸಲಿಲ್ಲ. ಮಗನು ಬೀಜಕ್ಕೆ ಸಾಲ ಮಾಡಿದ್ದಾನೆ, ಮಗಳ ಬಾಣಂತನ ಹತ್ತಿರವಿದೆ, ಹುಬ್ಬಳ್ಳಿಗೆ ಹೋದರೆ ಕೂಲಿ ತಪ್ಪುವದು, ಬಸ್ಸಿನ ಖರ್ಚು, ಊಟದ ಖರ್ಚು. ಆಕೆಯ ಎಣಿಕೆಯು ನಿಸ್ವಾರ್ಥವಾದದ್ದು. ಇದೇ ನಮ್ಮ ಪ್ರಶ್ನೆಯನ್ನು ಕಠಿಣ ಮಾಡುತ್ತದೆ. ಸ್ವಾರ್ಥದಿಂದ ಹುಟ್ಟಿದ ಸುಳ್ಳನ್ನು ಖಂಡಿಸುವದು ಸುಲಭ. ಪ್ರೀತಿಯಿಂದ ಹುಟ್ಟಿದ ಸುಳ್ಳನ್ನು ಏನೆನ್ನೋಣ?

ಪ್ರೀತಿಯೆಂಬದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆಕೆಯ ಲೆಕ್ಕ ತಪ್ಪು. ಚಿಕ್ಕ ಹುಣ್ಣನ್ನು ಆರಂಭದಲ್ಲಿ ತೆಗೆಯುವದಕ್ಕೂ, ದವಡೆಯನ್ನು ಕೊಯ್ದು ಕುತ್ತಿಗೆಯ ಗಂಟುಗಳನ್ನು ತೆಗೆದು ಮೇಲೆ ವಾರಗಟ್ಟಲೆ ವಿಕಿರಣ ಕೊಡುವದಕ್ಕೂ ಆಗುವ ಖರ್ಚನ್ನು ತೂಗಿ ನೋಡಿದರೆ, ಉಳಿಸಬೇಕೆಂದು ಅಡಗಿಸಿದವಳೇ ಮನೆಯನ್ನು ಹೆಚ್ಚು ಸಾಲಕ್ಕೆ ನೂಕಿದಂತಾಯಿತು. ೨೦೧೮ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಷನ್ ಕಾರ್ಡಿನ ಮನೆಗಳಿಗೆ ವರುಷಕ್ಕೆ ೫ ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ನೆರವು ಉಂಟೆಂಬದನ್ನು ಆಕೆಗೆ ಯಾರು ಹೇಳಿದ್ದಾರೆ? ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು. ಮಗನು ಸಹಾಯ ಮಾಡತಕ್ಕವನೋ ಅಲ್ಲವೋ ಎಂಬದನ್ನು ತಾಯಿಯೇ ತೀರಿಸಿಬಿಟ್ಟಳು. ಅವನಿಗೆ ಮಗನಾಗಿ ನಡಕೊಳ್ಳುವ ಸಮಯವನ್ನು ಕೊಡಲಿಲ್ಲ. ಹಣ ಕಳಕೊಂಡವನು ದುಡಿದು ಪಡೆಯಬಹುದು. “ಅವ್ವಾ, ನನಗ ಯಾಕ ಹೇಳಲಿಲ್ಲ?” ಎಂದು ಆಮೇಲೆ ಕೇಳುವವನಿಗೆ ಉತ್ತರ ಕೊಡುವವರು ಯಾರು?

ಸಹನೆಯನ್ನು ನಾವು ಕೀಳುಮಾಡುವವರಲ್ಲ. ಮಾಡತಕ್ಕದ್ದನ್ನು ಮಾಡಿದ ಮೇಲೆ ಉಳಿದದ್ದನ್ನು ಹೊರುವದು ಸಹನೆ. ಮಾಡತಕ್ಕದ್ದನ್ನು ಮಾಡಗೊಡದೆ ಮುಚ್ಚಿಡುವದಕ್ಕೆ ಬೇರೆ ಹೆಸರು ಇರಬೇಕು. ಯೋಬನ ಸಹನೆಯೆಂದು ನಾವು ಗಾದೆಯಂತೆ ಹೇಳುತ್ತೇವೆ. ಆದರೆ ಆ ಗ್ರಂಥವನ್ನು ತೆರೆದು ನೋಡಿದವರಿಗೆ ಗೊತ್ತು, ಗೆಳೆಯರು ಬಂದು ಕುಳಿತ ಏಳು ದಿನಗಳು ತೀರಿದ ಮೇಲೆ ಆತನು ಸುಮ್ಮನಿರಲಿಲ್ಲ. ಅಧ್ಯಾಯದ ಮೇಲೆ ಅಧ್ಯಾಯವು ಆತನ ದೂರಿನಿಂದಲೇ ತುಂಬಿದೆ. ಗೆಳೆಯರ ತಪ್ಪು ಏನೆಂದರೆ, ಅವರು ದೂರನ್ನು ಕೇಳುವ ಬದಲು ನೀನೇ ಏನೋ ಮಾಡಿರಬೇಕೆಂದು ಕಾರಣ ಹುಡುಕಲಿಕ್ಕೆ ತೊಡಗಿದರು.

ಈ ಗೆಳೆಯರು ನಮ್ಮೂರಿನಲ್ಲಿಯೂ ಇದ್ದಾರೆ, ನಮ್ಮೊಳಗೇ ಇದ್ದಾರೆ. ಬಾಯಲ್ಲಿ ಹುಣ್ಣಾಯಿತೆಂದು ಒಬ್ಬನು ಹೇಳಿದ ಕೂಡಲೇ “ತಂಬಾಕ ತಿನ್ನಬ್ಯಾಡಂತ ಹೇಳಿರಲಿಲ್ಲೇನು?” ಎನ್ನುತ್ತೇವೆ. ಮಾತು ನಿಜವೇ. ಆದರೆ ಆ ಹೊತ್ತಿನಲ್ಲಿ ಆಡಿದ ನಿಜವು ಎಷ್ಟು ಬಾಯಿಗಳನ್ನು ಮುಚ್ಚಿಸಿದೆಯೆಂಬದನ್ನು ಯಾರು ಎಣಿಸಿದ್ದಾರೆ? ಬೈಗುಳ ಕೇಳಬೇಕಾದೀತೆಂಬ ನಾಚಿಕೆಯಿಂದ ಗಂಡಸರು ತಿಂಗಳುಗಟ್ಟಲೆ ಅಡಗಿಸುತ್ತಾರೆ. ತಂಬಾಕನ್ನು ಕೈಯಿಂದ ಮುಟ್ಟದವರಿಗೂ ಈ ರೋಗ ಬರುವದುಂಟು. ಅವರು ಎರಡರಷ್ಟು ನಾಚಿಕೊಳ್ಳುತ್ತಾರೆ. ಬೋಧನೆಗೆ ಒಂದು ಕಾಲವಿದೆ. ರೋಗಿಯು ಮೊದಲನೆಯ ಸಾರಿ ಬಾಯಿ ಬಿಟ್ಟ ಗಳಿಗೆಯು ಆ ಕಾಲವಲ್ಲ.

ಕಾಣುವ ಗಾಯವನ್ನು ನಾವು ಕೂಡಲೇ ನಂಬುತ್ತೇವೆ. ಕಾಲು ಮುರಿದವನಿಗೆ ಮಂಚ ಕೊಡುತ್ತೇವೆ. ಕಾಣದ ನೋವಿಗೆ ಸಾಕ್ಷಿಯು ಅನುಭವಿಸುವವನ ಮಾತೊಂದೇ ಆಗಿರಲಾಗಿ, ಆ ಮಾತಿನ ಬೆಲೆಯನ್ನು ಆಡಿದವರ ಸ್ಥಾನಮಾನದಿಂದ ಕಟ್ಟುತ್ತೇವೆ. ಗೌಡನ ಕೆನ್ನೆ ಉರಿದರೆ ಮೋಟಾರು ಹೊರಡುವದು. ಕೂಲಿಯವಳ ಕೆನ್ನೆ ಉರಿದರೆ ಗಾಳಿ ಸೋಕಿತು, ದೃಷ್ಟಿ ತಾಕಿತು, ನರದ ದೌರ್ಬಲ್ಯ, ಕೆಲಸದ ಮೈಗಳ್ಳತನ. ಓದಿದವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಬಾಯಿ ತೆರೆಸಿ ಬೆಳಕು ಹಿಡಿದು ನೋಡದೆ ನರದ ನೋವಿನ ಗುಳಿಗೆಯನ್ನು ಬರೆದುಕೊಟ್ಟು ಕಳುಹಿಸುವ ವೈದ್ಯನು ಸಾಕ್ಷಿಯ ಮಾತನ್ನು ಕೇಳದೆಯೇ ತೀರ್ಪು ಬರೆದ ನ್ಯಾಯಾಧಿಪತಿಗೆ ಸಮಾನನು. ನೋವನ್ನು ಶಮನ ಮಾಡುವದು ಬೇಡವೆಂದು ನಾವು ಹೇಳುವದಿಲ್ಲ. ಶಮನವೂ ವಿಚಾರಣೆಯೂ ಒಂದೇ ದಿನದಲ್ಲಿ ಆರಂಭವಾಗಲಿ.

“ತಿಳಿದು ಮಾಡುವದೇನು? ನರದ ಗುಂಟ ಹಬ್ಬಿದ್ದಾದರೆ ಉಳಿಯುವದುಂಟೇ? ತಿಳಿಯದೆ ಸಾಯುವದು ಸುಖವಲ್ಲವೇ?” ಎಂದು ಕೆಲವರು ಕೇಳುವರು. ಈ ಪ್ರಶ್ನೆಯನ್ನು ತಾತ್ಸಾರ ಮಾಡಕೂಡದು. ನರವನ್ನು ಹಿಡಿದ ರೋಗವು ಕಠಿಣವಾದದ್ದೆಂಬದು ನಿಜ. ಶಸ್ತ್ರಚಿಕಿತ್ಸೆಯ ಮೇಲೆ ವಿಕಿರಣವೂ ಬಹಳ ಮಟ್ಟಿಗೆ ಬೇಕಾಗುವದು, ಕೆಲವರಲ್ಲಿ ಎಲ್ಲಾ ಮಾಡಿದರೂ ತಿರುಗಿ ಬರುವದು. ಸುಳ್ಳು ಧೈರ್ಯ ಹೇಳುವದು ನಮ್ಮ ಕೆಲಸವಲ್ಲ. ಆದರೂ ತಿಳಿದವನಿಗೆ ಎರಡು ಸಂಗತಿಗಳು ದೊರೆಯುತ್ತವೆ. ಒಂದು, ನೋವಿಗೆ ತಕ್ಕ ಔಷಧ. ರೋಗ ವಾಸಿಯಾಗದಿದ್ದರೂ ಮಾರ್ಫಿನ್ ಮೊದಲಾದವುಗಳಿಂದ ನೋವನ್ನು ಬಹಳವಾಗಿ ತಗ್ಗಿಸಬಹುದು, ಇದಕ್ಕೆ ಅಡ್ಡಿಯಾಗಿದ್ದ ಕಾನೂನನ್ನು ೨೦೧೪ರಲ್ಲಿ ಸಡಿಲಿಸಿದ್ದಾರೆ. ಎರಡನೆಯದು, ತನ್ನ ದಿನಗಳ ಒಡೆತನ. ಕೊಪ್ಪಳವು ಹಿಂದೆ ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿತ್ತು. ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳು ಅಲ್ಲಿಯ ಕಲ್ಲುಗಳ ಮೇಲೆ ಇವೆ. ಆ ವ್ರತದ ಯೋಗ್ಯಾಯೋಗ್ಯತೆಯನ್ನು ಇಲ್ಲಿ ಚರ್ಚಿಸುವದಿಲ್ಲ. ಆದರೆ ಮರಣವು ಹತ್ತಿರವಾಯಿತೆಂದು ಸ್ವತಃ ತಿಳಿದು, ಹತ್ತು ಮಂದಿಯ ಎದುರಿನಲ್ಲಿ ಅದಕ್ಕೆ ಸಿದ್ಧರಾದವರು ಇದೇ ನೆಲದಲ್ಲಿದ್ದರೆಂಬದನ್ನು ನೆನಸಿದರೆ, ರೋಗದ ಹೆಸರನ್ನು ಬಾಗಿಲ ಹೊರಗೆ ಪಿಸುಗುಟ್ಟಿ ರೋಗಿಯ ಮುಂದೆ “ಏನೂ ಇಲ್ಲ, ಗಂಟಲ ನಂಜು” ಎನ್ನುವ ನಮ್ಮ ಪದ್ಧತಿಯು ಪುರಾತನದ್ದೆಂದು ಹೇಳಲಾಗದು. ತಿಳಿಯಲು ಒಲ್ಲೆನೆನ್ನುವ ಹಕ್ಕು ರೋಗಿಗಿದೆ. ತಿಳಿಸೆವೆನ್ನುವ ಹಕ್ಕು ಮನೆಯವರಿಗಿಲ್ಲ.

ನರವನ್ನು ಮುಟ್ಟುವ ಮೊದಲೇ ರೋಗವನ್ನು ಹಿಡಿಯುವದು ಎಲ್ಲಕ್ಕಿಂತ ಒಳ್ಳೇದು. ಬಾಯಿಯ ಕ್ಯಾನ್ಸರು ಆರಂಭದಲ್ಲಿ ಸಾಮಾನ್ಯವಾಗಿ ನೋಯುವದಿಲ್ಲವಾದದರಿಂದ ಕಣ್ಣಿನಿಂದಲೇ ಹಿಡಿಯಬೇಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಮರಣಗಳು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾದವೆಂದು ೨೦೦೫ರಲ್ಲಿ ಪ್ರಕಟವಾಯಿತು. ಅವರ ಕೈಯಲ್ಲಿದ್ದದ್ದು ಒಂದು ಬ್ಯಾಟರಿ ದೀಪ. ೨೦೧೬ರಲ್ಲಿ ನಮ್ಮ ಸರಕಾರವೂ ೩೦ ವರುಷ ಮೇಲ್ಪಟ್ಟವರ ಬಾಯಿಯನ್ನು ಪರೀಕ್ಷಿಸಲು ಕ್ರಮವನ್ನು ಗೊತ್ತುಮಾಡಿತು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಉಪಕೇಂದ್ರಕ್ಕೆ ಯಾವ ದಿನ ಹೋಗಬೇಕೆಂದು ಹೇಳುವಳು. ಎರಡು ಮೂರು ವಾರದಲ್ಲಿ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಕಲೆ, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಇವುಗಳನ್ನು ತೋರಿಸಬೇಕು. ಕೊಪ್ಪಳದಲ್ಲಿಯೇ ೨೦೧೫ರಿಂದ ವೈದ್ಯಕೀಯ ಕಾಲೇಜು ಇದೆ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯೂ, ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಕಲಬುರಗಿಯಲ್ಲಿ ಅದರ ಶಾಖೆಯೂ ಇವೆ. ತುಣುಕು ತೆಗೆದು ಪರೀಕ್ಷಿಸಿದರೆ, ಚಾಕು ತಾಕಿ ರೋಗ ಹಬ್ಬುವದೆಂಬದು ಬರೀ ಮಾತು; ಆ ಮಾತನ್ನು ನಂಬಿ ಬಸ್ಸಿನಿಂದ ಇಳಿದು ತಿರುಗಿ ಹೋದವರಿದ್ದಾರೆ. ಒಮ್ಮೆ ಚಿಕಿತ್ಸೆಯಾದವರು ಹೊಸದಾಗಿ ಬಂದ ಉರಿಯನ್ನೂ ಜೋಮನ್ನೂ ವರುಷಗಳು ಎಷ್ಟೇ ಕಳೆದಿರಲಿ, ಮುಂದಿನ ತಪಾಸಣೆಯ ದಿನದ ವರೆಗೆ ಇಟ್ಟುಕೊಳ್ಳದೆ ಹೇಳಬೇಕು. ನರದ ರೋಗವು ಮೊದಲನೆಯ ಚಿತ್ರದಲ್ಲಿ ಕಾಣದೆಯೂ ಇರಬಹುದು. ಲಕ್ಷಣ ಹೆಚ್ಚಿದರೆ ಎರಡನೆಯ ಸಾರಿ ತೆಗೆಯಿರೆಂದು ಕೇಳುವದಕ್ಕೆ ಸಂಕೋಚಪಡಬಾರದು.

ಆ ಕುಷ್ಟಗಿಯ ಮನೆಗೆ ತಿರುಗಿ ಬರೋಣ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಸೊಸೆಯು ಅತ್ತೆಯನ್ನು ದೀಪದ ಹತ್ತಿರ ಕೂರಿಸಲಿ. ಹೊಸಿಯುವ ಹತ್ತಿಯಿಂದ ಒಂದು ಎಳೆಯನ್ನು ಕಿತ್ತುಕೊಳ್ಳಲಿ. “ಕಣ್ಣ ಮುಚ್ಚರಿ ಅತ್ತೀ, ಮುಟ್ಟಿದಾಗ ಹೇಳ್ರಿ” ಎಂದು ಗದ್ದದ ಬಲಗಡೆಗೆ ಮುಟ್ಟಿಸಲಿ. “ಹೂಂ” ಎನ್ನುವಳು. ಎಡಗಡೆಗೆ ಮುಟ್ಟಿಸಲಿ, ತುಟಿಯ ಕೆಳಗೆ ಎಳೆಯಲಿ. ಅತ್ತೆಯು ಕಣ್ಣು ಮುಚ್ಚಿಕೊಂಡೇ “ಇನ್ನೂ ಯಾಕ ಮುಟ್ಟವಲ್ಲಿ?” ಎಂದು ಕೇಳಿದರೆ, ಗಂಡನನ್ನು ಆ ರಾತ್ರಿಯೇ ಎಬ್ಬಿಸಿ, ಬೆಳಗಿನ ಮೊದಲನೆಯ ಬಸ್ಸು ಎಷ್ಟಕ್ಕೆಂದು ಕೇಳಲಿ.